ಸಿಂಹದ ಬಣವೆ

ಹ್ಞೂಂ ಅನ್ನೋರು ಯಾರಿದ್ದೀರಿ? ಒಬ್ಬರಾದರೂ ಹ್ಞೂಂ ಅನ್ನದಿದ್ದರೆ ನನ್ನ ಕಥೆ ಹೊಸ್ತಿಲು ದಾಟೋದಿಲ್ಲ. ಆಯಿತು, ನೀನೇ ಅನ್ನು ಸಂದಮ್ಮ. ಅವರೆಕಾಯಿ ಸುಲಿಯುತ್ತಲೇ ಅನ್ನು. ಕೈಗೂ ಬಾಯಿಗೂ ಏನೂ ಜಗಳವಿಲ್ಲ.

ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಲ್ಲು ಹುಟ್ಟಿರದ ಕಾಲ. ಒಂದು ಕೋಳಿ ಕೂಗಿದರೆ ಮೂರು ಊರು ಏಳುತ್ತಿದ್ದ ಕಾಲ. ಒಂದು ದೇಶ. ಆ ದೇಶದಲ್ಲೊಂದು ಊರು. ಊರಿನ ಹೆಸರು ಕೇಳಬೇಡಿ. ಹೇಳಿದರೆ ಅಲ್ಲಿಯವರ ಮೊಮ್ಮಕ್ಕಳು ನನ್ನ ಮೇಲೆ ಜಗಳಕ್ಕೆ ಬರುತ್ತಾರೆ. ಊರ ನಡುವೆ ಹೆಂಚು ಹೊದಿಸಿದ ಒಂದು ಪುಟ್ಟ ಚರ್ಚು. ಊರ ಪಕ್ಕ ಒಂದು ಹಳ್ಳ. ಹಳ್ಳದ ಆಚೆ ದಡದಲ್ಲಿ ನಾಲ್ಕು ಮನೆ.

ಸ್ವಾಮಿಗಳು ತಿಂಗಳಿಗೊಮ್ಮೆ ಕುದುರೆಯ ಮೇಲೆ ಬಂದು ಪೂಜೆ ಮಾಡಿ ಹೋಗೋರು. ಮಿಕ್ಕ ದಿನ ಜಪ ಹೇಳಿಸೋದು, ಗ್ರಂಥ ಓದೋದು, ಮಕ್ಕಳ ಕಿವಿ ಹಿಂಡೋದು ಎಲ್ಲ ಉಪದೇಶಿ ರಾಯಪ್ಪನವರದು. ಒಂದು ಭಾನುವಾರ ಉಪದೇಶಿಗಳು ಗ್ರಂಥ ತೆಗೆದು ಹೀಗಂದರು:

“ದಿನಾ ‘ನಿಮ್ಮ ರಾಜ್ಯ ಬರಲಿ’ ಅಂತ ಜಪ ಮಾಡ್ತೀರಲ್ಲ, ಅದು ಬರೋದು ಎಲ್ಲಿಗೆ ಅಂದ್ಕೊಂಡಿದ್ದೀರಿ? ಮೋಡದ ಮೇಲಕ್ಕಲ್ಲ. ಇಲ್ಲಿಗೆ, ಈ ಮಣ್ಣಿಗೆ. ಯೇಸುಸ್ವಾಮಿ ರಾಜರಾಗಿ ಬರ್ತಾರೆ. ಅವತ್ತು ಸಾವಿಲ್ಲ, ಕಣ್ಣೀರಿಲ್ಲ, ಜಗಳವಿಲ್ಲ. ತೋಳ ಕುರಿಮರಿ ಜೊತೆ ಮಲಗ್ತದೆ. ಸಿಂಹ ಎತ್ತಿನ ಹಾಗೆ ಹುಲ್ಲು ತಿಂತದೆ.”

ಜನ ಖುಷಿಯಾಗಿ ಮನೆ ಕಡೆ ಹೊರಟರು. ದಾರಿಯಲ್ಲಿ ಒಬ್ಬ, ಸಾವಿಲ್ಲದಿದ್ರೆ ಗುಂಡಿ ತೋಡೋನ ಗತಿಯೇನು ಅಂದ. ಇನ್ನೊಬ್ಬ, ಜಗಳವಿಲ್ಲದಿದ್ರೆ ನನ್ನ ಹೆಂಡ್ತಿಗೆ ಹೊತ್ತು ಹೋಗೋದು ಹೆಂಗೆ ಅಂದ. ಎಲ್ಲರೂ ನಕ್ಕರು. ಒಬ್ಬಳು ಮಾತ್ರ ನಗಲಿಲ್ಲ. ಯಾರು? ಆರೋಗ್ಯಮ್ಮ.

ಆರೋಗ್ಯಮ್ಮ ಗಂಡ ಸತ್ತ ಹೆಂಗಸು. ಒಂಟಿ ಬದುಕು, ಗಟ್ಟಿ ಬಾಯಿ, ಅದಕ್ಕಿಂತ ಗಟ್ಟಿ ಕೈ. ಹೇಳಿದ್ದನ್ನು ಹೇಳಿದ ಹಾಗೇ ನಂಬೋಳು. ಮಧ್ಯಾಹ್ನ ಮುದ್ದೆ ಉಣ್ಣೋಕೆ ಕೂತಳು. ತಟ್ಟೆ ಅಲ್ಲೇ ಬಿಟ್ಟು ಉಪದೇಶಿಗಳ ಮನೆಗೆ ಹೋದಳು.

“ಉಪದೇಶಿಗಳೇ, ಸಿಂಹ ಹುಲ್ಲು ತಿಂತದೆ ಅಂದ್ರಲ್ಲ, ಯಾರ ಹುಲ್ಲು?”

ಉಪದೇಶಿಗಳು ಬಾಯಿಗೆ ಹೋಗುತ್ತಿದ್ದ ತುತ್ತನ್ನು ಅಲ್ಲೇ ನಿಲ್ಲಿಸಿದರು. “ಅಂದ್ರೆ?”

“ರಾಜ್ಯ ಬರೋದು ಭೂಮಿಗೆ ಅಂದ್ರಿ. ನಮ್ಮೂರೂ ಭೂಮಿ ಮೇಲೇ ಐತೆ. ಸಿಂಹ ನಮ್ಮೂರಿಗೂ ಬರ್ತದೆ. ಪಾಪ, ಅವತ್ತು ತಾನೇ ಮಾಂಸ ಬಿಟ್ಟಿರ್ತದೆ. ಹಸಿದು ಬಂದು ನಿಂತ್ರೆ ನಮ್ಮ ಹತ್ರ ಏನೈತೆ? ಎತ್ತಿನ ಬಾಯಿಂದ ಕಿತ್ತು ಕೊಡೋದಾ? ಊರಿನ ಮರ್ಯಾದೆ ಏನಾಗ್ಬೇಕು?”

ಉಪದೇಶಿಗಳು ಕೈ ತೊಳೆದು ಗ್ರಂಥ ತಿರುವಿ ನೋಡಿದರು. ತಲೆ ಕೆರೆದುಕೊಂಡರು.

“ರಾಗಿ ಹುಲ್ಲೋ, ನೆಲ್ಲು ಹುಲ್ಲೋ? ಅದನ್ನಾದ್ರೂ ಹೇಳಿ.”

“ಎತ್ತಿನ ಹಾಗೆ ಅಂತ ಬರೆದಿದೆ ತಾಯಿ. ಎತ್ತು ತಿನ್ನೋದೇ ತಿನ್ನಬಹುದು.”

ಅಷ್ಟೇ ಸಾಕಾಯಿತು. ಆ ವರ್ಷ ಕಣ ಮುಗಿದ ಮೇಲೆ ಆರೋಗ್ಯಮ್ಮ ತನ್ನ ಪಾಲಿನ ಒಂದು ಹೊರೆ ರಾಗಿ ಹುಲ್ಲು ತಂದು ಚರ್ಚಿನ ಹಿಂದೆ ಒಟ್ಟಿದಳು. ಊರು ಬಿದ್ದು ಬಿದ್ದು ನಕ್ಕಿತು. ಕೂಸು ಹುಟ್ಟೋ ಮುಂಚೆ ಕುಲಾವಿ ಅಂದಿತು. ಮರುವರ್ಷ ನಗುನಗುತ್ತಲೇ ಐದಾರು ಮನೆಯವರು ಒಂದೊಂದು ಹೊರೆ ತಂದು ಹಾಕಿದರು. ಅದರ ಮರುವರ್ಷ ಹಾಕದ ಮನೆಯೇ ಇಲ್ಲ. ಹಾಗೇ ಅಲ್ಲವೇ ಪದ್ಧತಿ ಅನ್ನೋದು? ಮೊದಲು ನಗುತ್ತಾರೆ, ಆಮೇಲೆ ಮಾಡುತ್ತಾರೆ, ಆಮೇಲೆ ಮಾಡದವನನ್ನು ಬೈಯುತ್ತಾರೆ.

ಬಣವೆಗೆ ಕಾವಲು ಯಾರು? ಇನ್ಯಾರು, ಆರೋಗ್ಯಮ್ಮ. ಕೈಯಲ್ಲೊಂದು ಬೆತ್ತ. ಮನೆ ಮಾಡು ಸೋರುತ್ತದೆ, ಎರಡು ಕಂತೆ ಕೊಡಿ ಅಂತ ಒಬ್ಬರು ಬಂದರು. ಇಲ್ಲ ಅಂದಳು. ಬಾಣಂತಿಗೆ ಹಾಸೋಕೆ ಬೇಕು ಅಂತ ಇನ್ನೊಬ್ಬರು ಬಂದರು. ನನ್ನ ಹಾಸಿಗೆ ತಗೊಂಡು ಹೋಗಿ, ಇದನ್ನು ಮುಟ್ಟಬೇಡಿ ಅಂದಳು. ಕ್ರಿಸ್ಮಸ್ಸಿಗೆ ಗೋದಲಿ ಕಟ್ಟಬೇಕು, ಬಾಲಯೇಸುವಿನ ಕೆಳಗೆ ಹಾಸೋಕೆ ಒಂದು ಹಿಡಿ ಕೊಡಿ ಅಂತ ಉಪದೇಶಿಗಳೇ ಬಂದರು.

“ಇದು ಆತನ ರಾಜ್ಯಕ್ಕೆ ಬರೋ ಅತಿಥಿಗೆ ಇಟ್ಟಿರೋದು,” ಅಂದಳು ಆರೋಗ್ಯಮ್ಮ. “ಆತನೇ ಬಂದು ಕೇಳ್ಲಿ, ಕೊಡ್ತೀನಿ.”

ವರ್ಷ ವರ್ಷ ಹೊಸ ಹುಲ್ಲು ಮೇಲೆ ಬೀಳೋದು. ಹಳೆಯದು ಅಡಿಯಲ್ಲಿ ಕೊಳೆತು ತಿಪ್ಪೆಗೆ ಹೋಗೋದು. ಒಂದು ದನದ ಬಾಯಿಗೂ ಬೀಳಲಿಲ್ಲ. ಎಂಥಾ ಭಕ್ತಿ ನೋಡಿ.

ಕೇಳಿ, ಈಗ ಹಳ್ಳದ ಆಚೆಗೆ ಹೋಗೋಣ. ಆ ನಾಲ್ಕು ಮನೆಯಲ್ಲಿ ಒಂದು ಇನ್ನಾಸಪ್ಪನದು. ಇನ್ನಾಸಪ್ಪ ಆರೋಗ್ಯಮ್ಮನ ಒಡಹುಟ್ಟಿದ ತಮ್ಮ. ದೊಡ್ಡ ಮೀಸೆ, ದೊಡ್ಡ ಗಂಟಲು. ಊರವರು ಅವನನ್ನು ಹುಲಿ ಅನ್ನೋರು. ಅವನಿಗೂ ಅದು ಇಷ್ಟವೇ. ಅಕ್ಕ ತಮ್ಮ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಯಾತಕ್ಕೆ? ಒಂದು ಎಮ್ಮೆಗೆ. ಅವ್ವ ಸಾಯುವಾಗ ಎಮ್ಮೆ ನನಗೆ ಅಂತ ಹೇಳಿದ್ದಳು ಅಂತ ಇವಳು. ಕೊಟ್ಟಿಗೆಯ ದನ ಹೊರಗೆ ಹೋಗೋ ಮಾತೇ ಇಲ್ಲ ಅಂತ ಅವನು. ಮಾತಿಗೆ ಮಾತು ಬೆಳೆಯಿತು. ಇನ್ನು ನಿನ್ನ ಬಾಗಿಲು ತುಳಿಯಲ್ಲ ಅಂದ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಎಮ್ಮೆಯದಾದರೂ ಮರೆಯಬಹುದಿತ್ತು. ಆಮೇಲೆ ಆರೋಗ್ಯಮ್ಮನ ಗಂಡ ತೀರಿಕೊಂಡ. ಆ ಸೀಮೆಯಲ್ಲಿ ಗಂಡ ಹೋದವಳಿಗೆ ಮೊದಲ ಸೀರೆ ತವರಿಂದ ಬರಬೇಕು. ನಿನಗೆ ನಾವಿದ್ದೇವೆ ಅನ್ನೋದಕ್ಕೆ ಅದೇ ಗುರುತು. ಅವ್ವ ಅಪ್ಪ ಇಲ್ಲದವಳಿಗೆ ತವರು ಅಂದರೆ ಆ ತಮ್ಮನೊಬ್ಬನೇ. ಮಣ್ಣು ಮುಗಿಯುವ ತನಕ ಆರೋಗ್ಯಮ್ಮ ಹಳ್ಳದ ಕಡೆಗೇ ನೋಡುತ್ತಾ ಕೂತಿದ್ದಳು. ತಮ್ಮ ಬರಲಿಲ್ಲ. ಕೊನೆಗೆ ಪಕ್ಕದ ಮನೆಯವಳು ತನ್ನದೊಂದು ಸೀರೆ ತಂದು ಹೊದಿಸಿದಳು. ಆ ನೋವು ಅವಳ ಎದೆಯಲ್ಲಿ ಹಾಗೇ ಕೂತುಬಿಟ್ಟಿತು. ನನಗೆ ಆಗಿದ್ದರೆ ನನ್ನ ಎದೆಯಲ್ಲೂ ಕೂರುತ್ತಿತ್ತು.

ಒಂದು ಬೇಸಗೆ. ಇನ್ನಾಸಪ್ಪ ತಾನೇ ಸೇದಿ ತಾನೇ ಎಸೆದ ಬೀಡಿ, ತನ್ನ ಬಣವೆಗೇ ಬಿತ್ತು. ಗಾಳಿ ಇತ್ತು. ವರ್ಷದ ಹುಲ್ಲೆಲ್ಲ ಸುಟ್ಟು ಬೂದಿಯಾಯಿತು. ಹೊಲದಲ್ಲಿ ಹಸಿರು ಹುಟ್ಟೋಕೆ ಇನ್ನೂ ಮಳೆಗಾಲ ಬರಬೇಕು. ಅಕ್ಕಪಕ್ಕದವರು ಒಂದೊಂದು ಕಂತೆ ಕೊಟ್ಟರು. ಅವರಾದರೂ ಎಷ್ಟು ಕೊಟ್ಟಾರು? ಅವರ ದನಕ್ಕೂ ಹೊಟ್ಟೆಯುಂಟು.

ಅವನಿಗೆ ಒಂದು ಜೊತೆ ಎತ್ತು. ಕರುವಾಗಿದ್ದಾಗಿಂದ ಕೈಯಲ್ಲಿ ತಿನ್ನಿಸಿ ಸಾಕಿದ್ದು. ಅವುಗಳ ಪಕ್ಕೆಲುಬು ಕಾಣೋಕೆ ಶುರುವಾಯಿತು. ದನದ ದಲ್ಲಾಳಿ ಬಂದು ಬೆನ್ನು ತಡವಿ ನೋಡಿದ. ಮುಂದಿನ ಸಂತೆಗೆ ಹೊಡೆದುಕೊಂಡು ಬಾ, ಕಟುಕರಿದ್ದಾರೆ, ಕೊಡಿಸುತ್ತೇನೆ ಅಂದ. ಇನ್ನಾಸಪ್ಪ ಅವನನ್ನು ಬೈದು ಅಟ್ಟಿದ. ಅಟ್ಟಿ, ಕೊಟ್ಟಿಗೆಗೆ ಹೋಗಿ ಎತ್ತಿನ ಕೊರಳು ತಬ್ಬಿಕೊಂಡು ಅತ್ತ. ಹುಲಿ ಅತ್ತದ್ದು ಯಾರಿಗೂ ಗೊತ್ತಾಗಲಿಲ್ಲ, ಹೆಂಡತಿ ತೆರೇಜಮ್ಮನಿಗೆ ಬಿಟ್ಟು.

ತೆರೇಜಮ್ಮ ಅಂದಳು, “ಚರ್ಚಿನ ಹಿಂದೆ ಅಷ್ಟು ದೊಡ್ಡ ಬಣವೆ ಸುಮ್ನೆ ಬಿದ್ದೈತೆ. ಒಂದು ಮಾತು ಅಕ್ಕನ್ನ ಕೇಳಿ.”

ಇನ್ನಾಸಪ್ಪ ಮೀಸೆ ತಿರುವಿದ. “ಹುಲಿ ಹಸಿದ್ರೆ ಹುಲ್ಲು ತಿಂತದಾ?”

ಗಾದೆ ಒಳ್ಳೆಯದೇ. ಆದರೆ ಎತ್ತುಗಳು ಗಾದೆ ತಿನ್ನೋದಿಲ್ಲವಲ್ಲ.

ಸುದ್ದಿ ಉಪದೇಶಿಗಳ ಕಿವಿಗೆ ಬಿತ್ತು. ಅವರು ಬಣವೆ ಹತ್ತಿರ ಹೋದರು. “ಆರೋಗ್ಯಮ್ಮ, ತಮ್ಮನ ಎತ್ತು ಸಾಯ್ತಾ ಇವೆ. ಸ್ವಲ್ಪ ಹುಲ್ಲು ಕೊಡು ತಾಯಿ.”

“ಅವನು ಕಳಿಸಿದ್ನಾ?”

“ಇಲ್ಲ, ನಾನೇ ಬಂದೆ.”

“ಹಂಗಾದ್ರೆ ನೀವೇ ಹೋಗಿ. ನಾಳೆ ಸಿಂಹ ಬಂದ್ರೆ ಏನು ಹಾಕ್ಲಿ? ಬರ್ತದೆ ಅಂತ ಹೇಳ್ದೋರು ನೀವೇ ಅಲ್ವಾ?”

ಮರುದಿನ ತೆರೇಜಮ್ಮ ಬಂದಳು. ಆರೋಗ್ಯಮ್ಮ ಅವಳನ್ನು ಕೂರಿಸಿ ಮಜ್ಜಿಗೆ ಕೊಟ್ಟಳು. ಉಣ್ಣು ಅಂದಳು. ಅವಳ ಮೇಲೆ ಏನು ಕೋಪ?

“ಅತ್ತಿಗೆ, ಎತ್ತು ಮೇಲಕ್ಕೆ ಏಳ್ತಾ ಇಲ್ಲ. ನಾಡಿದ್ದು ಸಂತೆ.”

“ನಿನ್ನ ಗಂಡ ಕಳಿಸಿದ್ನಾ?”

“ಇಲ್ಲ ಅತ್ತಿಗೆ. ಅವರು ಹುಲಿ ಹಸಿದ್ರೆ ಹುಲ್ಲು ತಿಂತದಾ ಅಂತಾರೆ.”

“ಹಂಗಾದ್ರೆ ಹಸಿದೇ ಇರ್ಲಿ ಬಿಡು. ಇದು ಸಿಂಹದ್ದು.”

ಧರ್ಮ ಬಾಯಲ್ಲಿ, ಎಮ್ಮೆ ಮನಸ್ಸಲ್ಲಿ. ಏ ಸಂದಮ್ಮ, ನಿದ್ದೆ ಮಾಡಬೇಡ, ಹ್ಞೂಂ ಅನ್ನು. ಹುಲಿ ಬರೋ ಹೊತ್ತಾಯಿತು.

ಅದರ ಮರುದಿನ ಭಾನುವಾರ. ಜಪ ಮುಗಿಸಿ ಊರೆಲ್ಲ ಚರ್ಚಿನ ಮುಂದೆ ನಿಂತಿತ್ತು. ನೋಡಿದರೆ, ಹಳ್ಳದ ಕಡೆಯಿಂದ ಇನ್ನಾಸಪ್ಪ ಬರುತ್ತಿದ್ದಾನೆ. ಹಿಂದೆ ಎರಡು ಎತ್ತು, ಹೆಜ್ಜೆ ಹೆಜ್ಜೆಗೂ ನಿಂತು ನಿಂತು. ಜನ ದಾರಿ ಬಿಟ್ಟರು. ಅವನು ಯಾರ ಮುಖವನ್ನೂ ನೋಡಲಿಲ್ಲ. ನೇರ ಬಣವೆ ಹತ್ತಿರ ಹೋದ. ಆರೋಗ್ಯಮ್ಮ ಬೆತ್ತ ಅಡ್ಡ ಹಿಡಿದು ನಿಂತಳು.

“ಅಲ್ಲೇ ನಿಲ್ಲು. ಇದು ಸಿಂಹದ್ದು.”

ಇನ್ನಾಸಪ್ಪ ಎತ್ತಿನ ಹಗ್ಗ ಬಿಟ್ಟ. ಬಣವೆಯಿಂದ ಒಂದು ಹಿಡಿ ರಾಗಿ ಹುಲ್ಲು ಎಳೆದ. ಎಳೆದು, ಊರೆಲ್ಲ ನೋಡುತ್ತಿರುವಾಗ, ಅದನ್ನು ಬಾಯಿಗಿಟ್ಟು ಕಚ್ಚಿದ.

ನಿಮಗೆ ಗೊತ್ತಲ್ಲ, ಹಿಂದಿನ ಕಾಲದಲ್ಲಿ ಯುದ್ಧದಲ್ಲಿ ಸೋತವನು ಹುಲ್ಲು ಕಚ್ಚಿ ನಿಲ್ಲುತ್ತಿದ್ದ. ಸೋತೆ, ಶರಣು ಬಂದೆ, ಹೊಡೆಯಬೇಡ ಅಂತ ಅದರ ಅರ್ಥ. ಆಡಿಕೊಳ್ಳುವವರ ಮುಂದೆ ಎಡವಿ ಬೀಳೋದೇ ಕಷ್ಟ. ಇವನು ಬೇಕೆಂದೇ ಬಿದ್ದಿದ್ದ. ಬಿದ್ದವನು ಬಾಯಲ್ಲಿ ಹುಲ್ಲು ತುಂಬಿಕೊಂಡೇ ಏನೋ ಹೇಳಿದ. ಯಾರಿಗೆ ಅರ್ಥವಾಗಬೇಕು?

“ನುಂಗಿ ಮಾತಾಡು,” ಅಂದಳು ಅಕ್ಕ. ಎಷ್ಟೋ ವರ್ಷದ ಮೇಲೆ ತಮ್ಮನಿಗೆ ಆಡಿದ ಮೊದಲ ಬುದ್ಧಿಮಾತು ಅದು.

ಕಷ್ಟಪಟ್ಟು ನುಂಗಿದ. ಕಣ್ಣಲ್ಲಿ ನೀರು ಬಂತು. ಹುಲ್ಲಿಗೋ ಏನೋ.

“ನಮ್ಮ ಸೀಮೇಲಿ ಸಿಂಹ ಇಲ್ಲ ಅಕ್ಕ,” ಅಂದ. “ಹುಲಿ ಆದ್ರೆ ನಡೀತದಾ?”

ಯಾರೋ ಕಿಸಕ್ಕನೆ ನಕ್ಕರು. ಆರೋಗ್ಯಮ್ಮ ನಗಲಿಲ್ಲ. ಬೆತ್ತವನ್ನೂ ಇಳಿಸಲಿಲ್ಲ.

“ನನ್ನ ಗಂಡನ ಮಣ್ಣಿಗೆ ಯಾಕೋ ಬರ್ಲಿಲ್ಲ?”

“ಬಂದಿದ್ದೆ.”

“ಸುಳ್ಳು.”

“ಸೀರೆ ತಗೊಂಡು ಹಳ್ಳದವರೆಗೂ ಬಂದಿದ್ದೆ. ನೀನು ಹಳ್ಳದ ಕಡೆಗೇ ನೋಡ್ತಾ ಕೂತಿದ್ದೆ. ಹೊಂಗೆ ಮರದ ಹಿಂದಿಂದ ನೋಡ್ದೆ. ನಿನ್ನ ಬಾಗಿಲು ತುಳಿಯಲ್ಲ ಅಂದ ಬಾಯಲ್ಲಿ ಏನು ಹೇಳ್ಲಿ ಅಂತ ನಾಚಿಕೆ ಆಯ್ತು. ವಾಪಸ್ ಹೋದೆ. ನನ್ನದು ತಪ್ಪು ಅಕ್ಕ. ಎತ್ತು ಸತ್ರೂ ಸರಿ, ಹುಲ್ಲು ಕೊಡದಿದ್ರೂ ಸರಿ. ಅದನ್ನ ಹೇಳ್ಬೇಕಿತ್ತು.”

ಆರೋಗ್ಯಮ್ಮನ ಕೈಯಿಂದ ಬೆತ್ತ ಜಾರಿತು.

“ಹಳ್ಳದಲ್ಲಿ ಅವತ್ತು ಮೊಣಕಾಲುದ್ದ ನೀರೂ ಇರ್ಲಿಲ್ವಲ್ಲೋ,” ಅಂದಳು. ಅಂದು, ನಿಂತಲ್ಲೇ ಗೊಳೋ ಅಂತ ಅತ್ತಳು. ಗಂಡನ ಮಣ್ಣಿನ ದಿನ ಅಳದೆ ಉಳಿಸಿಕೊಂಡದ್ದೆಲ್ಲ ಅತ್ತಳು. ಅತ್ತು ಮುಗಿದ ಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಕೇಳಿದಳು:

“ಸೀರೆ ಯಾವ ಬಣ್ಣ?”

“ನೇರಳೆ. ಪೆಟ್ಟಿಗೇಲಿ ಐತೆ. ಒಂದು ಮೂಲೆ ಇಲಿ ಕಡಿದೈತೆ.”

“ಇರ್ಲಿ. ಹೊಲ್ಕೋತೀನಿ.”

ಕಥೆ ಇಲ್ಲಿಗೆ ಮುಗಿಯಿತು ಅಂದುಕೊಂಡು ಏಳಬೇಡಿ. ಆರೋಗ್ಯಮ್ಮ ಏನು ಮಾಡಿದಳು ಗೊತ್ತಾ? ತಾನೂ ಬಣವೆಯಿಂದ ಒಂದು ಹಿಡಿ ಹುಲ್ಲು ಎಳೆದಳು.

“ಅಕ್ಕ, ನಿನಗ್ಯಾಕೆ?”

“ನೀನೊಬ್ಬನೇನಾ ಕಾಡಿನ ಮೃಗ?” ಅಂದಳು. “ಸಿಂಹ ಬರ್ಲಿ ಅಂತ ಇಷ್ಟು ವರ್ಷ ಕಾದೆ, ನಿಜ. ಆದ್ರೆ ಈ ಮೂರು ದಿನ ನಾನು ಕಾದಿದ್ದು ಸಿಂಹಕ್ಕಲ್ಲ. ನೀನು ಬಂದು ಕೇಳ್ಬೇಕು, ನಾನು ಇಲ್ಲ ಅನ್ಬೇಕು ಅಂತ ಕಾದೆ. ದೇವರ ಹುಲ್ಲಿನ ಮೇಲೆ ಕೂತು ಗುರುಗುಟ್ಟಿದೆ ಕಣೋ.”

ಹುಲ್ಲು ಬಾಯಿಗಿಟ್ಟು ಕಚ್ಚಿದಳು. ಮುಖ ಸಿಂಡರಿಸಿದಳು.

“ಥೂ, ಇದನ್ನ ಸಿಂಹ ಹೆಂಗೆ ತಿಂತದೋ.”

ಊರೆಲ್ಲ ನಕ್ಕಿತು. ಈ ಸಲ ಆರೋಗ್ಯಮ್ಮನೂ ನಕ್ಕಳು. ಇನ್ನಾಸಪ್ಪ ನಗಲು ಹೋಗಿ ಕೆಮ್ಮಿದ.

ಅಷ್ಟರಲ್ಲಿ ಆ ಎರಡು ಎತ್ತುಗಳು ಯಾರ ಅಪ್ಪಣೆಗೂ ಕಾಯದೆ ಬಣವೆಗೆ ಬಾಯಿ ಹಾಕಿದ್ದವು. ಈ ಕಡೆ ಅಕ್ಕ ತಮ್ಮ, ಬಾಯಲ್ಲಿ ಹುಲ್ಲು. ಆ ಕಡೆ ಎತ್ತುಗಳು, ಬಾಯಲ್ಲಿ ಹುಲ್ಲು. ಉಪದೇಶಿ ರಾಯಪ್ಪನವರು ಅದನ್ನು ನೋಡಿದರು. ಕೈಯಲ್ಲಿದ್ದ ಗ್ರಂಥ ತೆರೆದು ಸಿಂಹದ ಆ ಮಾತನ್ನು ಇನ್ನೊಮ್ಮೆ ಓದಿದರು. ಮತ್ತೆ ತಲೆ ಎತ್ತಿ ನೋಡಿದರು.

ಒಬ್ಬ ಮುದುಕ ಅವರ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದ, “ಉಪದೇಶಿಗಳೇ, ರಾಜ್ಯ ಬಂದೇಬಿಡ್ತಾ?”

ಉಪದೇಶಿಗಳು ಸುತ್ತ ನೋಡಿದರು. ಅಲ್ಲೇ ಬೇಲಿ ಹತ್ತಿರ ಇಬ್ಬರು ಅಣ್ಣತಮ್ಮಂದಿರು, ಬದುವಿನ ಜಗಳದವರು, ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಂತಿದ್ದರು. ಇಬ್ಬರೂ ಬಣವೆಯನ್ನೇ ನೋಡುತ್ತಿದ್ದರು.

“ಪೂರ್ತಿ ಬಂದಿಲ್ಲ ಕಣಯ್ಯ,” ಅಂದರು ಉಪದೇಶಿಗಳು. “ಆದ್ರೆ ಹಳ್ಳ ದಾಟೈತೆ.”

ಎತ್ತು ಉಂಡವು, ನೀವು ಕೇಳಿದಿರಿ, ನಾನು ಹೇಳಿದೆ. ಸುಲಿದ ಅವರೆಕಾಳು ಒಲೆಗೆ, ಸಿಪ್ಪೆ ದನಕ್ಕೆ, ಕಥೆ ನಿಮ್ಮ ಮಡಿಲಿಗೆ. ಮನೆಗೆ ಹೋಗೋ ದಾರಿಯಲ್ಲಿ ಯಾರದಾದರೂ ಬಾಗಿಲು ತಟ್ಟೋದು ಬಾಕಿ ಇದ್ದರೆ, ಈಗಲೇ ಏಳಿ. ಹಳ್ಳದಲ್ಲಿ ನೀರು ಕಡಿಮೆ ಇದೆ.