ಅತ್ತಿಗೆಯ ಬದಿಯ ಬೀಜ

ಮಾನ್ಯ ಅಧ್ಯಕ್ಷರೇ, ಅರಣ್ಯಾಧಿಕಾರಿಗಳೇ, ನಮ್ಮ ಮಗ್ಗದ ಮನೆಯವರೇ, ಕುರ್ಚಿ ಸಾಲದೆ ಬಾಗಿಲಲ್ಲೇ ನಿಂತಿರುವ ಸಭಿಕರೇ,

ನಾವು ಗೆದ್ದಿದ್ದೇವೆ! ಗುಡ್ಡದ ಮೇಲೆ ತಾನಾಗಿ ಬೆಳೆಯುವ ತುರಿಕೆಗಿಡದ ನಾರಿನಿಂದಲೇ ನಮ್ಮ ಮಗ್ಗಗಳು ನಡೆಯುವುದು. ಗಿಡ ಕಡಿಮೆಯಾಗುತ್ತಿದೆ ಎಂದು ಅಧಿಕಾರಿಗಳು ಷರತ್ತು ಹಾಕಿದರು: "ಗುಡ್ಡದ ಎರಡೂ ಬದಿಯ ಬೀಜ ಬೆರೆಸಿ ಕೊಡಿ. ನೂರಕ್ಕೆ ಎಪ್ಪತ್ತು ಮೊಳೆಯದಿದ್ದರೆ ಇನ್ನು ಕೊಯ್ಲು ಬಂದ್." ಮೊಳೆತದ್ದೆಷ್ಟು? ತೊಂಬತ್ತೊಂದು! ಚಪ್ಪಾಳೆ ಇನ್ನೂ ಜೋರಾಗಲಿ, ನನ್ನ ಕಿವಿ ಸ್ವಲ್ಪ ಮಂದ.

ಶಾಲೆಯ ಮೆಟ್ಟಿಲು ಹತ್ತದ ನನ್ನನ್ನು ನಿರೂಪಕರು "ತಜ್ಞೆ" ಎಂದರು. ಯಾರಿಗೆ ಹಿತವಾಗದು? ಆದರೆ ನಿಜವಾದ ತಜ್ಞೆ ಯಾರು?

ಕೊಯ್ಲಿಗೆ ಗುಡ್ಡದ ಒಂದು ಬದಿ ನನ್ನದು, ಇನ್ನೊಂದು ನನ್ನ ಅತ್ತಿಗೆಯದು. ಹೂ ಬಿಟ್ಟ ಕೂಡಲೇ ನಾನು ಗಿಡವನ್ನು ಬೇರುಸಮೇತ ಕೀಳುತ್ತಿದ್ದೆ. ಎಳೆಯ ನಾರು, ರೇಷ್ಮೆಯ ಹೊಳಪು. ಅತ್ತಿಗೆ ಮಾತ್ರ ಬೀಜ ಕಂದಾಗುವವರೆಗೆ ಕಾಯುವರು. ಗೊಂಚಲನ್ನು ಅಲ್ಲೇ ನೆಲಕ್ಕೆ ಒದರಿ, ಬುಡದಲ್ಲಿ ಗೇಣುದ್ದ ಬಿಟ್ಟು ಕೊಯ್ಯುವರು. ಆ ನಾರು ಒರಟು.

"ಅತ್ತಿಗೆ, ನಿಮ್ಮ ನಾರು ಪಾತ್ರೆ ತಿಕ್ಕೋಕೆ ಚೆನ್ನಾಗಿರುತ್ತೆ ನೋಡಿ," ಎನ್ನುತ್ತಿದ್ದೆ.

"ಆಗ್ಲಿ ಕಣೇ. ಕೂದಲು ಬೇಕು ಅಂತ ನೀನು ತಲೇನೇ ಕೀಳ್ತಿದ್ದೀಯಲ್ಲ!" ಎಂದು ಅತ್ತಿಗೆ ತಮ್ಮ ನಾರನ್ನು ಇನ್ನೊಂದು ವಾರ ನೆನೆಹಾಕಿ, ಬಡಿದು ಮೆದು ಮಾಡುವರು.

ನನ್ನ ನಾರಿಗೆ ಬೇರಿನ ಗಂಟು ಸೇರಿ ದಾರ ಮಗ್ಗದಲ್ಲಿ ಪಟಪಟ ತುಂಡಾಗುತ್ತಿತ್ತು. ನಾನು ಬೈದದ್ದು ನೇಕಾರಣ್ಣನನ್ನು! ಅಣ್ಣಾ, ತಪ್ಪಾಯಿತು. ಹಾಗೆಂದು ಈಗ ಅಷ್ಟು ಹಲ್ಲು ಬಿಡಬೇಡ.

ಮುಂದಿನದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ಬಾಯಿಗೆ ಬಂದಿದೆ, ಹೇಳಿಬಿಡುತ್ತೇನೆ. ಪರೀಕ್ಷೆಗೆ ಮೊದಲು ನನ್ನ ಬದಿಯ ಬೀಜವನ್ನು ಹಿಂದಿನ ಕೋಣೆಯಲ್ಲಿ ಗುಟ್ಟಾಗಿ ಬಿತ್ತಿ ನೋಡಿದ್ದೆ. ಹೂವಿನಲ್ಲೇ ಕಿತ್ತದ್ದಲ್ಲವೇ, ಬರೀ ಜೊಳ್ಳು. ನೂರಕ್ಕೆ ನಾಲ್ಕು ಮೊಳೆತವು. ಹೆದರಿ, ಅತ್ತಿಗೆಯ ಬೀಜವನ್ನಷ್ಟೇ ಪರೀಕ್ಷೆಯ ತಟ್ಟೆಗೆ ಹಾಕಿ, ಎರಡೂ ಬದಿಯದೆಂದು ನನ್ನ ಹೆಸರಿನ ಚೀಟಿ ಅಂಟಿಸಿ ಕೊಟ್ಟೆ.

ಅತ್ತಿಗೆ ಚೀಟಿ ನೋಡಿದರು, ತಟ್ಟೆಯ ತುಂಬಿದ ಕಂದು ಬೀಜವನ್ನೂ ನೋಡಿದರು. "ಇದ್ರಲ್ಲಿ ನಿನ್ನ ಬದೀದು ಒಂದೂ ಇಲ್ಲ, ಅಲ್ವೇನೇ?" ಎಂದವರೇ ತಟ್ಟೆಗೆ ನೀರು ಚಿಮುಕಿಸಿದರು. ಅಷ್ಟೇ. ಇವತ್ತಿನವರೆಗೂ ಯಾರ ಹತ್ತಿರವೂ ತುಟಿ ಬಿಚ್ಚಿಲ್ಲ.

ಅಧಿಕಾರಿಗಳೇ, ಹುಬ್ಬು ಗಂಟಿಕ್ಕಬೇಡಿ. ಅತ್ತಿಗೆಯ ಬದಿಯಲ್ಲಿ ಅವರ ರೀತಿಯ ಕೊಯ್ಲು ನಡೆಯಲಿ; ಅದನ್ನು ಅವರು ನ್ಯಾಯವಾಗಿ ಗೆದ್ದಿದ್ದಾರೆ. ನನ್ನ ಬದಿಯನ್ನು ಮೂರು ವರ್ಷ ಯಾರೂ ಮುಟ್ಟುವುದು ಬೇಡ, ನಾನೂ ಕೂಡ. ಅಲ್ಲಿ ಅತ್ತಿಗೆಯ ಬೀಜವನ್ನು ನನ್ನ ಕೈಯಾರೆ ಬಿತ್ತುತ್ತೇನೆ. ಮಗ್ಗ ನಿಲ್ಲುವುದಿಲ್ಲ, ಗುಡ್ಡ ಬೋಳಾಗುವುದಿಲ್ಲ!

ಅತ್ತಿಗೆ, ತಲೆ ತಗ್ಗಿಸಿ ಕೂತದ್ದು ಸಾಕು, ಎದ್ದು ನಿಲ್ಲಿ. ಜನ ತಜ್ಞೆಯ ಮುಖ ನೋಡಲಿ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಕೃತಜ್ಞತೆಗಳು. ಮೊದಲು ಅವರಿಗೆ, ಆಮೇಲೆ ನಿಮಗೆಲ್ಲರಿಗೂ, ನನ್ನ ನಮಸ್ಕಾರ.