ಹುಳುಕು ಹಲ್ಲಿನ ಮುಖ

ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೆನ್ನೆ ಊದಿಸಿಕೊಂಡು ಕೂತಿದ್ದ ಮೇಷ್ಟ್ರಿಗೆ ಮಾತಾಡಲು ಆಗುತ್ತಿರಲಿಲ್ಲ. ಕಿವಿಗೆ ಮಾತ್ರ ಬಿಡುವಿತ್ತು. ಎದುರು ಬೆಂಚಿನಲ್ಲಿ ಗಂಡ ಹೆಂಡತಿ. ಗಂಡ ಗೋಡೆಯ ಪೋಸ್ಟರನ್ನೇ ದುರುಗುಟ್ಟಿ ನೋಡುತ್ತಿದ್ದ. ಅದರಲ್ಲೊಂದು ಹುಳುಕು ಹಲ್ಲು ಹೊಟ್ಟೆ ಹಿಡಿದುಕೊಂಡು ಅಳುತ್ತಿತ್ತು.

"ಇದು ನೀನು ಡಿಸೈನ್ ಮಾಡಿದ್ದಲ್ವಾ?"

"ಹೂಂ. ಹೋದ ತಿಂಗಳು, ಅಡುಗೆಮನೆ ಮೇಜಿನ ಮೇಲೆ."

"ಆ ಹಲ್ಲು ನಾನೇ ಕಣೇ. ಆ ವಕ್ರ ಹುಬ್ಬು ದಿನಾ ಕನ್ನಡೀಲಿ ನೋಡ್ತೀನಿ."

"ಮನೇಲಿ ಕೂತು ಕೆಲಸ ಮಾಡೋಳಿಗೆ ಕಣ್ಣೆದುರು ಇನ್ಯಾರ್ ಇರ್ತಾರೆ ರೀ?"

"ಹಾಗಾದ್ರೆ ಸೊಳ್ಳೆಬತ್ತಿ ಡಬ್ಬಿ ಮೇಲಿನ ಸೊಳ್ಳೆ?"

"ಕಾಲು ಮಾತ್ರ ನಿಮ್ದು."

"ಹಾಸಿಗೆ ಅಂಗಡಿ ಕರಡಿ?"

"ಅದು ಪೂರ್ತಿ ನೀವೇ. ಭಾನುವಾರ ಮಧ್ಯಾಹ್ನ ಎರಡು ಗಂಟೆ ಅಲ್ಲಾಡದೆ ಮಲಗಿದ್ರಿ. ದುಡ್ಡು ಕೊಟ್ರೂ ಅಂಥ ಮಾಡೆಲ್ ಸಿಗಲ್ಲ."

"ಹನ್ನೊಂದು ವರ್ಷದಲ್ಲಿ ಒಂದಾದ್ರೂ ಒಳ್ಳೇದಕ್ಕೆ ನನ್ನ ಮುಖ ಹಾಕ್ಬಾರ್ದಿತ್ತಾ? ಪಕ್ಕದಲ್ಲಿ ಬೆಳ್ಳಗೆ ನಗ್ತಿದೆಯಲ್ಲ, ಆ ಹಲ್ಲು ಯಾರು?"

"ನಮ್ಮಪ್ಪ."

"ನಿಮ್ಮಪ್ಪನ ಬಾಯಲ್ಲಿ ಒಂದೂ ಹಲ್ಲಿಲ್ವಲ್ಲೇ."

"ಅದಕ್ಕೇ ಹುಳುಕೂ ಇಲ್ಲ."

ನರ್ಸ್ ಕರೆದಳು. ಗಂಡ ಎದ್ದವನು ಮುಂದೆ ಹೆಜ್ಜೆ ಇಡಲಿಲ್ಲ.

"ಕೀಳೋವಾಗ ನೀನೂ ಒಳಗೆ ಬಾ. ಆ ಚಿತ್ರ ಬರೆಯೋ ಪುಸ್ತಕ ಇಲ್ಲೇ ಇಡು."

"ಪುಸ್ತಕ ಇಲ್ದೆ ನಾನ್ಯಾಕೆ ಬರ್ಲಿ?"

ಒಳಗೆ ಏನೋ ಯಂತ್ರ ಗುಂಯ್ ಎಂದಿತು.

"ಸರಿ, ತಗೊಂಡೇ ಬಾ. ಹೊಟ್ಟೆ ಬರೀಬೇಡ, ಅಷ್ಟೇ."

ಅವಳು ಪೆನ್ಸಿಲ್ ಹುಡುಕುತ್ತ ಎದ್ದಳು. ಹೋಗುವಾಗ ಅವಳ ಕಣ್ಣು ಮೇಷ್ಟ್ರ ಊದಿದ ಕೆನ್ನೆಯ ಮೇಲೆ ಒಂದು ಗಳಿಗೆ ನಿಂತಿತು. ಮೇಷ್ಟ್ರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು.