ಕಣ್ಣು ಕಟ್ಟಿದ ಪಾಠ

ಆ ದೀಪ ಸ್ವಲ್ಪ ಸಣ್ಣ ಮಾಡಿ. ಹಾಂ, ಅಷ್ಟು ಸಾಕು. ನಗೋರು ಈಗಲೇ ನಕ್ಕು ಮುಗಿಸಿಬಿಡಿ. ಆಮೇಲೆ ನಡುವೆ ಕಿಸಕ್ ಅಂದ್ರೆ ಎದ್ದು ಹೋಗ್ತೀನಿ, ಹೇಳಿದೀನಿ. ಇದು ಎಲ್ಲೋ ಓದಿದ್ದಲ್ಲ, ನನ್ನ ಚಿಕ್ಕಪ್ಪನ ಮಗಳಿಗೆ ಆದದ್ದು. ಅವಳ ಬಾಯಿಂದಲೇ ಕೇಳಿದ್ದು.

ಅವಳನ್ನ ಎಲ್ಲರೂ ಮುಳುಗು ಟೀಚರ್ ಅಂತಾರೆ. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಸಿ, ಜನರನ್ನ ನೀರೊಳಗೆ ಇಳಿಸಿ, ಮತ್ತೆ ಜೋಪಾನವಾಗಿ ಮೇಲಕ್ಕೆ ತರೋದು ಅವಳ ಕಸುಬು. ಹಳೇ ಕಲ್ಲುಕ್ವಾರಿಯಲ್ಲಿ ನೀರು ನಿಂತು ದೊಡ್ಡ ಕೆರೆಯಾಗಿದೆ, ಅದರ ದಡದಲ್ಲೇ ಶಾಲೆ. ಮಾರ್ಕೆಟ್ಟಿನ ತರಕಾರಿಯವನು ಒಂದು ದಿನ, "ಟೀಚರ್, ನಮ್ಮ ಹುಡುಗ ಗಣಿತದಲ್ಲಿ ಮುಳುಗ್ತಿದ್ದಾನೆ, ಅದಕ್ಕೂ ಕ್ಲಾಸ್ ಇದೆಯಾ?" ಅಂತ ಕೇಳಿದ್ದನಂತೆ.

ಒಂದು ರಾತ್ರಿ ಸಿಲಿಂಡರ್‌ಗಳನ್ನೆಲ್ಲ ತುಂಬಿಸಿ, ಕಂಪ್ರೆಸರ್ ಆರಿಸಿ, ಬೀಗ ಹಾಕೋ ಹೊತ್ತಿಗೆ ತುಂಬಾ ತಡವಾಗಿತ್ತು. ಒಳದಾರಿ ಹಿಡಿದಳು. ಆ ದಾರಿಯಲ್ಲೊಂದು ಹಾಳುಬಾವಿ ಇದೆ, ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ದಿನಾ ಓಡಾಡೋ ದಾರಿಯೇ. ಕತ್ತಲಿಗೆ ಹೆದರೋ ಪೈಕಿನೂ ಅಲ್ಲ ಅವಳು. ಬಾವಿಯ ಪಕ್ಕಕ್ಕೆ ಬಂದಳು...

ಸ್ಸ್ಸ್ಸ್...

ನಿಂತಳು.

ಬುಳುಬುಳುಬುಳು...

ಹಾವಲ್ಲ. ಕಪ್ಪೆಯಲ್ಲ. ಆ ಸದ್ದು ಅವಳಿಗೆ ತನ್ನ ಮನೆ ಬಾಗಿಲಿನ ಸದ್ದಿನಷ್ಟು ಗೊತ್ತು. ಬಾಯಲ್ಲಿ ಕಚ್ಚಿಕೊಂಡ ರಬ್ಬರ್ ನಳಿಗೆಯಿಂದ ಗಾಳಿ ಎಳೆದಾಗ ಸ್ಸ್ಸ್... ಬಿಟ್ಟಾಗ ಗುಳ್ಳೆ ಎದ್ದು ಬುಳುಬುಳು. ಬಾವಿಯ ತಳದಲ್ಲಿ ಯಾರೋ ಸಿಲಿಂಡರಿನ ಗಾಳಿ ಉಸಿರಾಡ್ತಿದ್ದಾರೆ.

ಅಷ್ಟೇ ಆಗಿದ್ರೆ ಟಾರ್ಚ್ ಹಾಕಿ ನೋಡ್ತಿದ್ದಳೋ ಏನೋ. ಆದರೆ ಆ ಉಸಿರಿಗೆ ಒಂದು ಚಾಳಿ ಇತ್ತು. ಎಳೆದದ್ದನ್ನ ಪೂರ್ತಿ ಬಿಡೋ ಮೊದಲೇ ಇನ್ನೊಂದು ಎಳೆಯೋದು. ಬಸ್ಸು ತಪ್ಪಿಹೋಗುತ್ತೇನೋ ಅನ್ನೋ ಹಾಗೆ. ಅವಳು ಕಲಿಸಿದವರಲ್ಲಿ ಹಾಗೆ ಉಸಿರಾಡೋನು ಒಬ್ಬನೇ ಇದ್ದ. ಅವಳ ಸ್ವಂತ ಮೈದುನ. ಮನೆಯವರೆಲ್ಲ ಅವನನ್ನ ಗಡಿಬಿಡಿ ಅಂತಲೇ ಕರೆಯೋರು.

ಅವನು ಸತ್ತು ವರ್ಷದ ಮೇಲಾಗಿತ್ತು.

"ಗಡಿಬಿಡಿ...?" ಅಂದಳು, ಪಿಸುಮಾತಲ್ಲಿ.

ಉಸಿರು ತಟಕ್ಕನೆ ನಿಂತಿತು. ಯಾರಾದ್ರೂ ಕಿವಿಗೊಟ್ಟು ಕೇಳುವಾಗ ಉಸಿರು ಬಿಗಿ ಹಿಡೀತಾರಲ್ಲ... ಹಾಗೆ.

ಒಂದೇ ಉಸಿರಿಗೆ ಮನೆ ಸೇರಿದಳು. ಅತ್ತೆ ಇನ್ನೂ ಎಚ್ಚರ ಇದ್ದರು.

"ಯಾಕೆ ಹೀಗೆ ಏದುಸಿರು ಬಿಡ್ತಿದ್ದೀಯ?"

"ನಾಯಿ ಅಟ್ಟಿಸಿಕೊಂಡು ಬಂತು, ಅತ್ತೆ."

"ಹಾಳಾದ್ದು. ಬಿಸಿನೀರು ಇಟ್ಟಿದ್ದೀನಿ, ಕಾಲು ತೊಳ್ಕೋ ಮಗಳೇ. ಎಷ್ಟು ದುಡೀತೀಯ ನೀನು..."

ಆ 'ಮಗಳೇ' ಅನ್ನೋದು ಅವಳ ಎದೆಗೆ ಚುಚ್ಚಿತಂತೆ. ಮಗ ಹೋದ ಮೇಲೆ ಆ ಮುದುಕಿ ಇದ್ದಬದ್ದ ಪ್ರೀತಿಯನ್ನೆಲ್ಲ ಸೊಸೆಗೇ ಸುರಿಯೋಕೆ ಶುರು ಮಾಡಿದ್ದರು. ಸೊಸೆ ಅದನ್ನ ತಲೆತಗ್ಗಿಸಿ ಉಣ್ಣುತ್ತಿದ್ದಳು, ಕದ್ದ ಅನ್ನದ ಹಾಗೆ. ಯಾಕೆ ಅಂತ ಕೇಳಿ.

ಈ ಮುಳುಗೋ ವಿದ್ಯೆ ಒಂದೇ ಸಲಕ್ಕೆ ಮುಗಿಯೋದಲ್ಲ. ಮೊದಲ ಕೋರ್ಸ್ ಎಲ್ಲರಿಗೂ ಒಂದೇ. ಆಮೇಲೆ ಒಂದೊಂದಕ್ಕೆ ಒಂದೊಂದು ಬೇರೆ ಕೋರ್ಸ್. ತುಂಬಾ ಆಳಕ್ಕೆ ಹೋಗೋದಕ್ಕೊಂದು, ರಾತ್ರಿ ಇಳಿಯೋದಕ್ಕೊಂದು, ನೀರಲ್ಲಿ ಬಿದ್ದ ವಸ್ತು ಹುಡುಕಿ ಎತ್ತೋದಕ್ಕೊಂದು. ಎಲ್ಲಕ್ಕಿಂತ ಕಷ್ಟದ್ದು, ಮುಳುಗಿದ ಹಡಗಿನ ಒಳಗೆ ಹೋಗೋದು. ಒಳಗೆ ಹೋಗುವಾಗ ಬಾಗಿಲಿಗೆ ಹಗ್ಗದ ತುದಿ ಕಟ್ಟಿ ಸುರುಳಿ ಬಿಚ್ಚುತ್ತಾ ಹೋಗ್ತಾರೆ. ಕೆಸರು ಎದ್ದರೆ ಒಳಗೆ ಕಣ್ಣಿದ್ದೂ ಕುರುಡು. ಆಗ ಹಗ್ಗವೇ ಗತಿ. ಅದಕ್ಕೇ ಆ ಕೋರ್ಸಿನ ಕೊನೆಯ ಪಾಠ ಇರೋದು. ಮಾಸ್ಕಿನ ಮೇಲೆ ಕಪ್ಪು ಬಟ್ಟೆ ಕಟ್ಟಿ, ಕೈಯಲ್ಲಿ ಹಗ್ಗ ತಡಕಾಡಿಕೊಂಡು ಹೊರಗೆ ಬರೋದು. ಟೀಚರ್ ಹಿಂದಿನಿಂದ ಶಿಷ್ಯನ ತೋಳು ಹಿಡಿದಿರ್ತಾರೆ. ಮುಂದಕ್ಕೆ ನೂಕಿದ್ರೆ ನಡಿ. ಹಿಂಡಿದ್ರೆ ನಿಲ್ಲು. ಕತ್ತಲಲ್ಲಿ ಮಾತು ಅಷ್ಟೇ.

ಕ್ವಾರಿಯ ತಳದಲ್ಲಿ ಇದಕ್ಕೇ ಅಂತ ಒಂದು ಹಳೇ ಬಸ್ಸು ಮುಳುಗಿಸಿದ್ದಾರೆ. ಗಡಿಬಿಡಿ ಉಳಿದ ಪಾಠಗಳನ್ನೆಲ್ಲ ಚೆನ್ನಾಗೇ ಮಾಡಿದ್ದ. ಕೊನೆಯ ದಿನ ಅವನಿಗೆ ನೆಗಡಿ, ನೀರೋ ಮೂಳೆ ಕೊರೆಯೋಷ್ಟು ತಣ್ಣಗೆ. ದಡದಲ್ಲಿ ನಡುಗುತ್ತಾ ಕೂತು, "ಅತ್ತಿಗೆ, ಕಣ್ಣು ಕಟ್ಟೋದೊಂದು ಬಿಟ್ಟುಬಿಡಿ. ನಾನೇನು ಹೊರಗಿನವನಾ?" ಅಂದ. ಇವಳೂ ನಕ್ಕು, ತಲೆಗೊಂದು ಮೊಟಕಿ, ಪಾಸು ಅಂತ ಸಹಿ ಹಾಕಿದಳು. ಹೊರಗಿನವನಾಗಿದ್ರೆ ಖಂಡಿತ ಬಿಡ್ತಿರಲಿಲ್ಲ. ಮನೆಯವನು ಅಂತ ಬಿಟ್ಟಳು.

ಮುಂದಿನ ರಜೆಯಲ್ಲೇ ಅವನು ಸಮುದ್ರಕ್ಕೆ ಹೋದ. ಅಲ್ಲಿ ಮುಳುಗಿದ ಹಡಗೊಂದಿದೆ. ದೋಣಿಯವನು ಮೊದಲು ಒಪ್ಪಲಿಲ್ಲವಂತೆ, "ಆ ಕೋರ್ಸ್ ಆಗಿದೆಯೇನಪ್ಪಾ?" ಅಂತ ಕೇಳಿದ. ಇವನು ಅತ್ತಿಗೆ ಸಹಿ ಹಾಕಿದ ಕಾರ್ಡು ತೋರಿಸಿದ. ಇಳಿದ. ಒಳಗೆ ಕೆಸರು ಎದ್ದಿತು. ಜೊತೆಗಾರ ಹೇಗೋ ಹೊರಗೆ ಬಿದ್ದ, ಇವನು ಬರಲಿಲ್ಲ. ಮರುದಿನ ತೆಗೆದವರು ಹೇಳಿದ್ದೇನು ಗೊತ್ತಾ? ಹಗ್ಗ ಅವನ ಕೈಯಿಂದ ಒಂದು ಗೇಣು ದೂರದಲ್ಲಿತ್ತಂತೆ. ಒಂದೇ ಗೇಣು.

ಹೆತ್ತ ಹೊಟ್ಟೆ ಸುಮ್ಮನಿರುತ್ತಾ? ಅತ್ತೆ ದೋಣಿಯವನ ಗೇಟಿನ ಮುಂದೆ ನಿಂತು, "ದುಡ್ಡಿಗೋಸ್ಕರ ನನ್ನ ಮಗನ್ನ ನುಂಗಿದೆ, ನಿನ್ನ ದೋಣಿ ಮಣ್ಣಾಗ!" ಅಂತ ಶಪಿಸಿದರು. ಬೀದಿಗೆ ಬೀದಿಯೇ ಕೇಳಿತು. ಆಮೇಲೆ ಅವನ ದೋಣಿ ಹತ್ತೋರೇ ಇಲ್ಲದೆ ಆ ಮನುಷ್ಯ ದೋಣಿ ಮಾರಿಬಿಟ್ಟ. ಅತ್ತೆ ಕೂಗ್ತಿದ್ದಾಗ ಅವರ ತೋಳು ಹಿಡಿದು ನಿಂತಿದ್ದು ಯಾರು? ಇವಳೇ. ತಪ್ಪು ನನ್ನದು ಅಂತ ನಾಲಿಗೆ ತುದಿಗೆ ಬಂತು, ನುಂಗಿಕೊಂಡಳು. ಅವತ್ತಿನಿಂದ ಅದು ಒಳಗೇ ಕೂತಿತ್ತು.

ಇಷ್ಟು ಗೊತ್ತಿರಲಿ. ಈಗ ಬಾವಿಯ ಮರುದಿನಕ್ಕೆ ಬನ್ನಿ.

ಶಾಲೆಗೊಬ್ಬಳು ನರ್ಸ್ ಬರ್ತಿದ್ದಳು, ಗಟ್ಟಿ ಹೆಂಗಸು. ಉಳಿದ ಕೋರ್ಸೆಲ್ಲ ಮುಗಿಸಿ ಹಡಗಿನದ್ದೊಂದಕ್ಕೆ ಕಾಯ್ತಿದ್ದಳು. ಗಡಿಬಿಡಿ ಹೋದ ಮೇಲೆ ಟೀಚರ್ ಆ ಕೋರ್ಸಿನ ಸುದ್ದಿಗೇ ಹೋಗಿರಲಿಲ್ಲ. ನೀರು ರಾಡಿ, ಹಗ್ಗ ಹಳೇದು, ಏನೋ ಒಂದು ನೆಪ. ಕೊನೆಗೆ ನರ್ಸ್, "ಟೀಚರ್, ನಿಮಗೇ ನೀರು ಕಂಡ್ರೆ ಹೆದರಿಕೆಯಾ?" ಅಂತ ಚುಡಾಯಿಸಿದ ಮೇಲೆ ಶುರು ಮಾಡಿದ್ದಳು. ಅವತ್ತು ಕೊನೆಯ ಪಾಠ. ನರ್ಸ್ ಡ್ಯೂಟಿ ಮುಗಿಸಿ ಬರೋಷ್ಟರಲ್ಲಿ ಕತ್ತಲಾಗಿತ್ತು.

ದಡದಲ್ಲಿ ನರ್ಸ್ ನಡುಗುತ್ತಾ, "ಕಣ್ಣು ಕಟ್ಟೋದು ಬೇಕೇ ಬೇಕಾ ಟೀಚರ್? ಮಿಕ್ಕಿದ್ದೆಲ್ಲ ಮಾಡಿದ್ದೀನಲ್ಲ" ಅಂದಳು.

"ಬೇಕು!"

ಎಷ್ಟು ಜೋರಾಗಿ ಅಂದಳು ಅಂದ್ರೆ ನರ್ಸ್ ಬೆಚ್ಚಿಬಿದ್ದಳು. ಆಮೇಲೆ ಟೀಚರೇ ಮೆತ್ತಗೆ, "ಕಟ್ಟಿಸ್ಕೊಳ್ಳಮ್ಮಾ... ನನಗೋಸ್ಕರ" ಅಂದಳು.

ಇಳಿದರು. ಬಸ್ಸಿನ ಬಾಗಿಲಿಗೆ ಹಗ್ಗ ಕಟ್ಟಿ, ಸೀಟುಗಳ ನಡುವೆ ಬಿಚ್ಚುತ್ತಾ ಹಿಂದಿನ ಗಾಜಿನವರೆಗೂ ಹೋದರು. ಅಲ್ಲಿ ಟೀಚರ್ ನರ್ಸಿನ ಮಾಸ್ಕಿಗೆ ಬಟ್ಟೆ ಕಟ್ಟಿದಳು. ತಿರುಗಿಸುವಾಗ ನರ್ಸ್ ಕಾಲು ತಳಕ್ಕೆ ಬಡಿದು ಕೆಸರು ಬುಸ್ಸಂತ ಎದ್ದಿತು. ಟಾರ್ಚಿನ ಬೆಳಕು ಅಂಗೈಯಷ್ಟಾಗಿ, ಆಮೇಲೆ ಅದೂ ಇಲ್ಲ. ಸರಿ, ಪಾಠಕ್ಕೆ ಇದೇ ಬೇಕಾಗಿದ್ದು. ನರ್ಸ್ ಕೈಗೆ ಹಗ್ಗ ಕೊಟ್ಟು, ಹಿಂದಿನಿಂದ ತೋಳು ಹಿಡಿದು ಮುಂದಕ್ಕೆ ನೂಕಿದಳು. ನಡಿ.

ಸ್ಸ್ಸ್... ಬುಳುಬುಳು... ನರ್ಸ್ ಉಸಿರು. ಸ್ಸ್ಸ್... ಬುಳುಬುಳು... ತನ್ನದು.

ಸ್ಸ್ ಬುಳು ಸ್ಸ್ ಬುಳು...

ಇದು ಯಾರದ್ದು?

ಹಿಂದಿನಿಂದ ಒಂದು ಕೈ ಬಂದು ಟೀಚರ್ ತೋಳು ಹಿಡಿಯಿತು. ಹಿಂಡಿತು.

ನಿಲ್ಲು.

ನಿಂತಳು. ನರ್ಸ್ ತೋಳು ಹಿಂಡಿ ಅವಳನ್ನೂ ನಿಲ್ಲಿಸಿದಳು. ಕಿರುಚೋಣ ಅಂದ್ರೆ ಬಾಯಲ್ಲಿ ನಳಿಗೆ. ಓಡೋಣ ಅಂದ್ರೆ ಮುಂದೆ ಕಣ್ಣು ಕಟ್ಟಿಸಿಕೊಂಡ ಶಿಷ್ಯೆ, ಬಿಟ್ಟು ಹೋಗೋ ಹಾಗಿಲ್ಲ. ತೋಳಿನ ಮೇಲಿನ ಕೈ ಮತ್ತೆ ಹಿಂಡಿತು. ಹೆದರಿಸೋ ಹಾಗಲ್ಲ... ಹೆದರಿದವರು ಹಿಡಿಯೋ ಹಾಗೆ. ಆಗ ಅರ್ಥವಾಯ್ತು ಅವಳಿಗೆ. ಅವನಿಗೆ ಹಗ್ಗ ಸಿಕ್ಕಿಲ್ಲ.

ಅವಳು ಮಾಡಿದ್ದು ಕೇಳಿ. ನನಗೆ ಹೇಳುವಾಗ ಇಲ್ಲಿ ಪ್ರತಿ ಸಲ ಅಳ್ತಾಳೆ. ಕೈ ಹಿಂದಕ್ಕೆ ಚಾಚಿ ಆ ಕೈಯನ್ನ ತಡಕಿದಳು. ಗ್ಲೌಸ್ ಇಲ್ಲ. ಬೆರಳೆಲ್ಲ ಸುಕ್ಕುಗಟ್ಟಿ, ತುಂಬಾ ಹೊತ್ತು ನೀರಲ್ಲಿದ್ದ ಕೈ. ಅದನ್ನ ಎಳೆದು ತಂದು ಹಗ್ಗದ ಮೇಲಿಟ್ಟಳು. ಹೆಬ್ಬೆರಳು, ತೋರುಬೆರಳು ಬಳೆಯ ಹಾಗೆ ಸೇರಿಸಿ ಹಗ್ಗದ ಸುತ್ತ ಮುಚ್ಚಿದಳು. ಹೀಗೆ ಹಿಡಿ ಅಂತ ಒಂದು ಸಲ ಒತ್ತಿದಳು. ಎಲ್ಲ ಶಿಷ್ಯರಿಗೂ ಹಾಗೇ ಕಲಿಸೋದು ಅವಳು. ಇವನೊಬ್ಬನಿಗೆ ಕಲಿಸಿರಲಿಲ್ಲ.

ಸ್ವಲ್ಪ ಹೊತ್ತು ಏನೂ ಇಲ್ಲ...

ಆಮೇಲೆ ಅವಳ ತೋಳನ್ನ ಅವನ ಇನ್ನೊಂದು ಕೈ ಮೆಲ್ಲಗೆ ಮುಂದಕ್ಕೆ ನೂಕಿತು. ನಡಿ.

ನಡೆದರು. ಸೀಟು ದಾಟಿ ಸೀಟು. ಹಿಂದೆ ಆ ಉಸಿರು ಬರಬರುತ್ತಾ ನಿಧಾನವಾಯ್ತಂತೆ. ಬಾಗಿಲಿಗೆ ಬಂದಾಗ ತೋಳಿನ ಮೇಲೆ ಕೈ ಇರಲಿಲ್ಲ. ನರ್ಸಿನ ಕಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಟೀಚರ್ ಬಾಗಿಲ ಹೊರಗೇ ಕಾದಳು. ಒಳಗಿನಿಂದ ಬರೋ ಹಗ್ಗ ಅಲುಗುತ್ತಿತ್ತು, ಯಾರೋ ಹಿಡಿದು ಬರುವಾಗ ಅಲುಗುತ್ತಲ್ಲ ಹಾಗೆ. ಸಿಲಿಂಡರಿನ ಗಾಳಿ ತೋರಿಸೋ ಮುಳ್ಳು ಕೆಂಪಿಗೆ ಬರೋವರೆಗೂ ಕಾದಳು. ಯಾರೂ ಬರಲಿಲ್ಲ. ಹಗ್ಗ ಸಡಿಲಾಯ್ತು.

ದಡದಲ್ಲಿ ನರ್ಸ್ ಮಾಸ್ಕ್ ತೆಗೆದು, "ಹಿಂದೆ ಇನ್ನೊಬ್ಬರು ಯಾರು ಇಳಿದಿದ್ರು ಟೀಚರ್? ಅವರಿಗೆ ಹೇಳಿ, ಅಷ್ಟು ಅವಸರದಲ್ಲಿ ಉಸಿರಾಡಿದ್ರೆ ಗಾಳಿ ಬೇಗ ಖಾಲಿ ಆಗುತ್ತೆ ಅಂತ" ಅಂದಳು.

ಟೀಚರ್ ಒದ್ದೆ ಬಟ್ಟೆಯಲ್ಲೇ ಮನೆಗೆ ಬಂದಳು. ಗಂಡ ರಾತ್ರಿ ಪಾಳಿಗೆ ಹೋಗಿದ್ದ. ಅತ್ತೆಯ ಹಾಸಿಗೆ ಪಕ್ಕ ನೆಲದ ಮೇಲೆ ಕೂತು ಎಲ್ಲ ಹೇಳಿದಳು. ನೆಗಡಿ, ನಗು, ಸಹಿ, ಒಂದೂ ಬಿಡಲಿಲ್ಲ. "ನಾನು ಬಿಟ್ಟ ಪಾಠದಿಂದ ಸತ್ತ ಅತ್ತೆ ಅವನು. ದೋಣಿಯವನದ್ದೇನೂ ತಪ್ಪಿಲ್ಲ. ನೀವು ಶಪಿಸುವಾಗ ನಾನು ಬಾಯಿ ಮುಚ್ಕೊಂಡು ನಿಂತಿದ್ದೆ. ನನಗೆ ಹೊಡೀರಿ."

ಅತ್ತೆ ಹೊಡೆಯಲಿಲ್ಲ. ಅಳಲಿಲ್ಲ. "ಬೆಳಗ್ಗೆ ಮೊದಲ ಬಸ್ಸಿಗೆ ಹೋಗಬೇಕು. ಎದ್ದಿರು" ಅಂದು ಆ ಕಡೆ ತಿರುಗಿ ಮಲಗಿದರು. ಮಗಳೇ ಅನ್ನಲಿಲ್ಲ.

ದೋಣಿಯವನ ಗೇಟು ತಲುಪಿದಾಗ ಆಗಷ್ಟೇ ಬೆಳಗಾಗ್ತಿತ್ತು. ಇವರು ಚಿಲಕ ಬಡಿಯೋ ಮೊದಲೇ ಅವನು ಬಾಗಿಲು ತೆಗೆದು ಹೊರಗೆ ಬಂದ. ರಾತ್ರಿಯೆಲ್ಲ ನಿದ್ದೆ ಇಲ್ಲದ ಮುಖ. ಅತ್ತೆ ಗೇಟಿನ ಕಂಬಿ ಹಿಡಿದು, "ನಿನ್ನನ್ನ ಬಾಯಿಗೆ ಬಂದ ಹಾಗೆ ಅಂದೆ. ತಪ್ಪಾಯ್ತಪ್ಪಾ. ಇವಳು ನಿನಗೆ ಒಂದು ಮಾತು ಹೇಳಬೇಕು" ಅಂದರು.

"ಗೊತ್ತಮ್ಮಾ" ಅಂದ ಅವನು. "ಹುಡುಗ ರಾತ್ರಿಯೇ ಬಂದು ಹೇಳಿ ಹೋದ."

"ಯಾವ... ಹುಡುಗ?"

"ನಿಮ್ಮ ಹುಡುಗ. ಕಣ್ಣು ಕಟ್ಟೋ ಪಾಠ ಬೇಡ ಅಂತ ನಾನೇ ಹಟ ಹಿಡಿದೆ, ಅತ್ತಿಗೆಗೆ ಯಾರೂ ಬೈಬೇಡಿ ಅಂದ."

ಟೀಚರ್ ಮುಂದಕ್ಕೆ ಬಂದಳು. "ಇಲ್ಲ, ಸುಳ್ಳು! ಅವನು ಕೇಳಿದ, ಆದ್ರೆ ಬಿಟ್ಟೋಳು ನಾನು. ಟೀಚರ್ ನಾನು. ತಪ್ಪು ನಂದೇ, ನಂದೇ..."

"ನೀವು ಹೀಗೇ ಅಂತೀರಿ ಅಂತಲೂ ಹೇಳಿದ" ಅಂದ ದೋಣಿಯವನು.

ಅಷ್ಟರಲ್ಲಿ ಅವನ ಹೆಂಡತಿ ಹೊರಗೆ ಬಂದಳು. ಅವಳು ಆ ಹುಡುಗನ್ನ ಯಾವತ್ತೂ ನೋಡಿದವಳಲ್ಲ. "ಓ, ಅವನ ಕಡೆಯವರಾ? ಪಾಪ, ತೊಪ್ಪೆಯಾಗಿ ನೆನೆದು ಬಂದಿದ್ದ. ಮಳೆಯೂ ಇರಲಿಲ್ಲ. ತಲೆ ಒರೆಸಿಕೊಳ್ಳಪ್ಪಾ ಅಂತ ಟವೆಲ್ ಕೊಟ್ಟೆ" ಅಂತ ಅಂಗಳದ ತಂತಿ ತೋರಿಸಿದಳು. ನೀಲಿ ಟವೆಲ್ಲು. ಇನ್ನೂ ತಟ್... ತಟ್... ಅಂತ ನೀರು ತೊಟ್ಟಿಕ್ಕುತ್ತಿತ್ತು. ಅತ್ತೆ ಹೋಗಿ ಅದನ್ನ ಮುಖಕ್ಕೆ ಒತ್ತಿ ಹಿಡಿದು ನಿಂತರು. ಎಷ್ಟೋ ಹೊತ್ತು. ಆಮೇಲೆ ಹಿಂಡದೆ ಹಾಗೇ ಮಡಿಸಿ, ಸೊಸೆ ಕೈಗೆ ಕೊಟ್ಟರು.

ಯಾಕೆ ಹಾಗೆ ನೋಡ್ತೀರಿ? ಸುಳ್ಳು ಹೇಳಿ ನನಗೇನು ಸಿಗಬೇಕು? ಅವರ ಮನೆಗೆ ಹೋದಾಗ ನಾನೇ ಆ ಟವೆಲ್ಲನ್ನ ಕೈಯಲ್ಲಿ ಹಿಡಿದು ನೋಡಿದ್ದೀನಿ. ಒಣಗಿತ್ತು, ಬೇರೆ ಟವೆಲ್ಲಿನ ಹಾಗೇ ಇತ್ತು. ಅದರಲ್ಲಿ ಒಂದೆರಡು ಗಿಡ್ಡ ಕೂದಲು ಸಿಕ್ಕಿಕೊಂಡಿತ್ತು, ಅಷ್ಟೇ.